‘ಬ್ಯಾಡ’ ಚೀಟಿ ಫಲ ಕೊಟ್ಟ ಬಗೆ: ನನ್ನ ಅನುಭವ

ಆಟಿಸಂ ಇರುವ ನನ್ನ ಮಗ ಈ ಬೇಸಿಗೆಯಲ್ಲಿ ಕಲಬುರಗಿಯ ಲ್ಯಾಬ್ ಒಂದರಲ್ಲಿ ತಾನೇ ತೋಳು ಚಾಚಿ ರಕ್ತ ಕೊಟ್ಟ. ಕೆಲವು ವರ್ಷಗಳ ಹಿಂದೆ ಹಣೆಗೆ ಹೊಲಿಗೆ ಹಾಕುವಾಗ ನಾಲ್ಕಾರು ಜನ ಅವನನ್ನು ಅದುಮಿ ಹಿಡಿದಿದ್ದರು. ಅಂದಿನಿಂದ ಸ್ಪಿರಿಟ್ ವಾಸನೆ ಬಂದಲ್ಲಿ ಕಾಲಿಡುತ್ತಿರಲಿಲ್ಲ, ಕಲಿತ ಮಾತುಗಳಲ್ಲಿ ಅರ್ಧದಷ್ಟು ಮರೆಯಾದವು, ನಡುರಾತ್ರಿ ಎದ್ದು ‘ಗಟ್ಟಿ ಹಿಡೀರಿ, ಬಿಡಬ್ಯಾಡ್ರಿ’ ಎಂದು ಅಲ್ಲಿಯವರ ದನಿಯಲ್ಲೇ ಕೂಗುತ್ತಿದ್ದ. ಮನೆಯವರು ಹಠವೆಂದರು, ಥೆರಪಿಸ್ಟ್ ಒಬ್ಬರು ಆಟಿಸಂನ ಲಕ್ಷಣವೆಂದೇ ಬರೆದುಕೊಂಡರು. ಆಟಿಸಂ ಮೊದಲಿನಿಂದಲೂ ಇದ್ದದ್ದು, ಒಂದು ಘಟನೆಯ ಮರುದಿನದಿಂದ ಶುರುವಾದದ್ದು ಆಘಾತದ ಪರಿಣಾಮ ಎಂಬ ನನ್ನ ವಾದಕ್ಕೆ ಕಿವಿಗೊಟ್ಟವರಿಲ್ಲ.

ಚಿಕಿತ್ಸೆಗೆಂದು ಹೈದರಾಬಾದಿನ ಓಡಾಟ, ಇಲ್ಲಿ ಥೆರಪಿಯ ಸೆಷನ್ ಒಂದಕ್ಕೆ ಐದಾರು ನೂರು ರೂಪಾಯಿ, ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸು ಕರಗಿತು. ಚಾಕೊಲೇಟಿನ ಆಸೆ ತೋರಿಸಿ ಆಸ್ಪತ್ರೆಯ ಗೇಟು ದಾಟಿಸುವ ಕ್ರಮದಿಂದ ಆದ ಒಂದೇ ಬದಲಾವಣೆಯೆಂದರೆ, ಅವನು ಚಾಕೊಲೇಟನ್ನೂ ಬಿಟ್ಟ. ಮೈಮೇಲೆ ಒತ್ತಡ ಬಿದ್ದು ಮಗು ಶಾಂತವಾಗಲೆಂದು ಸುಮಾರು ಐದು ಸಾವಿರ ಕೊಟ್ಟು ತರಿಸಿದ ಭಾರದ ಹೊದಿಕೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆಯೂ ಮೈಮೇಲೆ ನಿಲ್ಲಲಿಲ್ಲ. ಅತ್ತೆಯವರ ಹಳೆಯ ಕೌದಿಯನ್ನು ಮಡಿಸಿ ತೊಡೆಯ ಮೇಲಿಟ್ಟದ್ದು ಅದಕ್ಕಿಂತ ಚೆನ್ನಾಗಿ ಒಗ್ಗಿತು. ಎಚ್ಚರವಿದ್ದಾಗ ಮಾತ್ರ ಇಡಬೇಕು, ಬೇಕೆನಿಸಿದಾಗ ಮಗುವೇ ಸರಿಸುವಂತಿರಬೇಕು.

ಕೊನೆಗೆ ಕೈ ಹಿಡಿದದ್ದು ಅಂಗೈ ಚಿತ್ರ ಬರೆದ ‘ಬ್ಯಾಡ’ ಚೀಟಿ. ಅವನು ಅದನ್ನು ತೋರಿಸಿದರೆ ಉಗುರು ಕತ್ತರಿಸುತ್ತಿರಲಿ, ತಲೆ ಬಾಚುತ್ತಿರಲಿ, ಆ ಕ್ಷಣವೇ ನಿಲ್ಲಿಸುತ್ತಿದ್ದೆ. ‘ಬ್ಯಾಡ ಅನ್ನೋದು ಕಲಿಸಿದ್ರ ಎಲ್ಲಾದಕ್ಕೂ ಬ್ಯಾಡ ಅಂತಾನ ನೋಡ್ರಿ’ ಎಂದು ಇತರ ತಾಯಂದಿರು ನಕ್ಕಿದ್ದರು. ಮೊದಲ ತಿಂಗಳು ಹಾಗೆಯೇ ಆಯಿತು, ಉಗುರು ಬೆಳೆದವು, ಅತ್ತೆ ಬೈದರು. ಚೀಟಿಗೆ ಬೆಲೆಯಿದೆ ಎಂದು ಅವನಿಗೆ ಖಾತ್ರಿಯಾದ ಮೇಲೆ ತೋರಿಸುವುದು ತಾನಾಗಿ ಇಳಿಯಿತು.

ಆಮೇಲೆ ಸ್ಪಿರಿಟ್ ಅದ್ದಿದ ಹತ್ತಿಯ ಡಬ್ಬಿಯನ್ನು ಮಾಳಿಗೆಯ ಮೇಲೆ ಅವನ ಕೈಗೇ ಕೊಟ್ಟೆ. ಮುಚ್ಚಳ ತೆರೆಯುವುದೂ ಮುಚ್ಚುವುದೂ ಅವನ ಇಷ್ಟ. ಲ್ಯಾಬಿನವರನ್ನು ಮೊದಲೇ ಒಪ್ಪಿಸಿ, ಜನ ಸೇರುವ ಮುನ್ನ ಬೆಳಗ್ಗೆಯೇ ಹೋದೆವು. ವೈದ್ಯರನ್ನು ಕೇಳಿ ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಮುಂಚೆ ತೋಳಿಗೆ ಹಚ್ಚಿದ್ದೆ. ರಕ್ತ ತೆಗೆಯುವ ಮುನ್ನ ತೋಳಿಗೆ ಪಟ್ಟಿ ಬಿಗಿಯುವಾಗ ಅವನ ಕಿವಿಯಲ್ಲಿ ಏನು ಹೇಳಿದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದು ನಮ್ಮಿಬ್ಬರದು. ಈ ಕ್ರಮಕ್ಕೆ ತಗಲಿದ್ದು ಸಾವಿರ ರೂಪಾಯಿಯೊಳಗೆ.

ಹಲ್ಲಿನ ವೈದ್ಯರ ಕುರ್ಚಿ ಇನ್ನೂ ಬಾಕಿಯಿದೆ. ರಾತ್ರಿಯ ಕೂಗು ಬಹುಮಟ್ಟಿಗೆ ನಿಂತಿದೆ. ಶರಣಬಸವೇಶ್ವರರ ಜಾತ್ರೆಯ ಗದ್ದಲದ ದಿನಗಳಲ್ಲಿ ಮರುಕಳಿಸುವುದರಿಂದ, ಆ ವಾರ ಅವನನ್ನು ಕರೆದುಕೊಂಡು ಬೀದರಿನ ತವರಿಗೆ ಹೋಗುತ್ತೇನೆ.