ಅಮೆರಿಕದಲ್ಲಿ ಡೆಂಟಲ್ ಓದು: ಸೇವೆಯ ಕರಾರಿಗೆ ಸಹಿ ಹಾಕುವ ಮುನ್ನ

ಅಮೆರಿಕದ ಖಾಸಗಿ ಡೆಂಟಲ್ ಕಾಲೇಜುಗಳಲ್ಲಿ ವರ್ಷದ ಖರ್ಚು 1 ಲಕ್ಷ ಡಾಲರ್ ದಾಟುವುದು ಈಗ ಮಾಮೂಲು. ಸಾಲ ಮಾಡಿ ಓದಿದವರು ಪದವಿ ಮುಗಿಸುವಾಗ ಸರಾಸರಿ 3 ಲಕ್ಷ ಡಾಲರಿನಷ್ಟು ಸಾಲ ಹೊತ್ತಿರುತ್ತಾರೆ. ಇದು ಸಾಲದೆಂಬಂತೆ, 2025ರ ಜುಲೈನಲ್ಲಿ ಬಂದ ಕಾನೂನಿನಂತೆ 2026ರ ಜುಲೈ 1ರ ನಂತರ ಹೊಸದಾಗಿ ಸಾಲ ಪಡೆಯುವವರಿಗೆ ಸ್ನಾತಕೋತ್ತರ ಮತ್ತು ವೃತ್ತಿಪರ ಓದಿಗೆ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಸಿಗುವುದಿಲ್ಲ. ಡೆಂಟಲ್ ವಿದ್ಯಾರ್ಥಿಗೆ ಫೆಡರಲ್ (ಕೇಂದ್ರ ಸರ್ಕಾರದ) ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ. ಮಿಕ್ಕ ಹಣವನ್ನು ಖಾಸಗಿ ಬ್ಯಾಂಕಿನಿಂದ ತರಬೇಕು, ಇಲ್ಲವೇ "ಓದಿಸಿ, ಆಮೇಲೆ ನೀವು ಹೇಳಿದ ಕಡೆ ದುಡಿಯುತ್ತೇನೆ" ಎಂದು ಸರ್ಕಾರಕ್ಕೆ ಬರೆದುಕೊಡಬೇಕು.

ಮೊದಲ ಹೆಜ್ಜೆ: ಪೌರತ್ವ

ವೈದ್ಯರ ಕೊರತೆಯಿರುವ ಕಡೆ ದುಡಿಯುವವರಿಗೆ ಹಣ ಕೊಡುವ ಸರ್ಕಾರಿ ಯೋಜನೆಯಾದ ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್ (ಎನ್‌ಎಚ್‌ಎಸ್‌ಸಿ) ಮತ್ತು ಸೇನೆಯ ವಿದ್ಯಾರ್ಥಿವೇತನ, ಎರಡಕ್ಕೂ ಅಮೆರಿಕದ ಪೌರತ್ವ ಬೇಕು. ಗ್ರೀನ್ ಕಾರ್ಡ್ ಸಾಲದು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಿಡಿಎಸ್ ಮುಗಿಸಿ, ಮದುವೆಯಾಗಿ ಹೋಗಿ, ಅಲ್ಲಿ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಕೋರ್ಸ್ (ಹೊರದೇಶದಲ್ಲಿ ಓದಿದ ದಂತವೈದ್ಯರಿಗೆ ಅಮೆರಿಕದ ಪದವಿ ಕೊಡುವ ಕೋರ್ಸ್) ಸೇರುವವರು ಎಡವುವುದು ಇಲ್ಲೇ. ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ಸಾಲವೇನೋ ಸಿಗುತ್ತದೆ, ಈ ವಿದ್ಯಾರ್ಥಿವೇತನಗಳು ಸಿಗುವುದಿಲ್ಲ. ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಎರಡೂ ಇಲ್ಲ.

ಓದುವಾಗಲೇ ಹಣ: ಎನ್‌ಎಚ್‌ಎಸ್‌ಸಿ

ಬೋಧನಾ ಶುಲ್ಕ, ಇತರ ಶುಲ್ಕಗಳು, ಪುಸ್ತಕ-ಉಪಕರಣದಂಥ ಖರ್ಚು, ಜೊತೆಗೆ ತಿಂಗಳ ಸ್ಟೈಪೆಂಡ್ ಕೊಡುತ್ತಾರೆ. ಶುಲ್ಕದ ಭಾಗಕ್ಕೆ ಫೆಡರಲ್ ತೆರಿಗೆ ಇಲ್ಲ, ಸ್ಟೈಪೆಂಡಿಗೆ ಇದೆ. ಹಣ ಪಡೆದ ಪ್ರತಿ ವರ್ಷಕ್ಕೆ ಒಂದು ವರ್ಷದ ಸೇವೆ. ಒಂದೇ ವರ್ಷ ಪಡೆದರೂ ಕನಿಷ್ಠ 2 ವರ್ಷ, ಹೆಚ್ಚೆಂದರೆ 4.

ಕೆಲಸ ಎಲ್ಲಿ ಎಂಬುದೇ ಮುಖ್ಯ ಪ್ರಶ್ನೆ. ದಂತವೈದ್ಯರ ಕೊರತೆಯಿರುವ ಪ್ರದೇಶಗಳಿಗೆ 0ರಿಂದ 26ರವರೆಗೆ ಅಂಕ ಕೊಡುತ್ತಾರೆ. ಅಂಕ ಹೆಚ್ಚಿದಷ್ಟೂ ಕೊರತೆ ಹೆಚ್ಚು. ವಿದ್ಯಾರ್ಥಿವೇತನ ಪಡೆದವರು ಆಯಾ ವರ್ಷಕ್ಕೆ ಗೊತ್ತುಮಾಡಿದ ಅಂಕಕ್ಕಿಂತ ಕಡಿಮೆ ಇರುವಲ್ಲಿ ಸೇವೆ ಮಾಡುವಂತಿಲ್ಲ. ಕೆಲಸವನ್ನು ಸಾಮಾನ್ಯವಾಗಿ ಯಾರೂ ಕೊಡಿಸುವುದಿಲ್ಲ. ಹೆಲ್ತ್ ವರ್ಕ್‌ಫೋರ್ಸ್ ಕನೆಕ್ಟರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಹುಡುಕಿ, ಸಂದರ್ಶನ ಕೊಟ್ಟು ನೀವೇ ಗಿಟ್ಟಿಸಿಕೊಳ್ಳಬೇಕು. ಸಂಗಾತಿಯ ಕೆಲಸ ಒಂದೇ ಊರಿಗೆ ಕಟ್ಟಿಬಿದ್ದಿದ್ದರೆ, ಆ ಊರಿನ ಸುತ್ತಲಿನ ಕ್ಲಿನಿಕ್‌ಗಳ ಅಂಕ ಎಷ್ಟೆಂದು ಅರ್ಜಿಗೆ ಮುಂಚೆಯೇ ನೋಡಿಕೊಳ್ಳಿ.

ಪೂರ್ಣಾವಧಿ ಎಂದರೆ ವಾರಕ್ಕೆ 40 ಗಂಟೆ, ವರ್ಷಕ್ಕೆ ಕನಿಷ್ಠ 45 ವಾರ. ರಜೆ, ಕಾಯಿಲೆ, ಊರಿಗೆ ಹೋಗಿಬರುವುದು, ಎಲ್ಲ ಸೇರಿ 35 ಕೆಲಸದ ದಿನ ಮೀರಿದರೆ ಸೇವೆಯ ಮುಕ್ತಾಯ ದಿನ ಮುಂದಕ್ಕೆ ಹೋಗುತ್ತದೆ. ಸಾಮಾನ್ಯ ದಂತಚಿಕಿತ್ಸೆ, ಮಕ್ಕಳ ದಂತಚಿಕಿತ್ಸೆಗೆ ಇಲ್ಲಿ ಜಾಗವಿದೆ. ಆರ್ಥೊಡಾಂಟಿಕ್ಸ್ (ಹಲ್ಲು ನೇರಗೊಳಿಸುವ ಚಿಕಿತ್ಸೆ) ಕನಸಿದ್ದವರು ಇದರ ಗೋಜಿಗೇ ಹೋಗಬೇಡಿ.

ದಂಡದ ಲೆಕ್ಕ

ಎನ್‌ಎಚ್‌ಎಸ್‌ಸಿ ವಿದ್ಯಾರ್ಥಿವೇತನದ ಕರಾರಿನಲ್ಲಿ ಎಲ್ಲರೂ ಕೊನೆಗೆ ಓದುವ, ಆದರೆ ಮೊದಲು ಓದಬೇಕಾದ ಪುಟ ಇದು. ಸೇವೆ ಅರ್ಧಕ್ಕೆ ಬಿಟ್ಟರೆ, ಉಳಿದ ಸೇವೆಯ ಪಾಲಿನ ಹಣದ ಮೂರು ಪಟ್ಟನ್ನು ಬಡ್ಡಿ ಸಮೇತ ಒಂದು ವರ್ಷದೊಳಗೆ ಕಟ್ಟಬೇಕು. 4 ವರ್ಷಕ್ಕೆ 4 ಲಕ್ಷ ಡಾಲರ್ ಪಡೆದು, 48 ತಿಂಗಳ ಸೇವೆಯಲ್ಲಿ 24 ಮುಗಿಸಿ ಬಿಟ್ಟಿರಿ ಎನ್ನೋಣ. ಉಳಿದ ಪಾಲು 2 ಲಕ್ಷ, ಮೂರು ಪಟ್ಟು 6 ಲಕ್ಷ, ಬಡ್ಡಿ ಬೇರೆ. ಓದನ್ನೇ ಅರ್ಧಕ್ಕೆ ನಿಲ್ಲಿಸಿದರೆ ಮೂರು ಪಟ್ಟಿಲ್ಲ, ಪಡೆದಷ್ಟನ್ನು 3 ವರ್ಷದೊಳಗೆ ಹಿಂದಿರುಗಿಸಬೇಕು.

ಸೇನೆಯ ದಾರಿ

ಭೂಸೇನೆ, ನೌಕಾಪಡೆ, ವಾಯುಪಡೆ ಮೂರರಲ್ಲೂ ಎಚ್‌ಪಿಎಸ್‌ಪಿ (ಹೆಲ್ತ್ ಪ್ರೊಫೆಷನ್ಸ್ ಸ್ಕಾಲರ್‌ಶಿಪ್ ಪ್ರೋಗ್ರಾಮ್) ಎಂಬ ವಿದ್ಯಾರ್ಥಿವೇತನ ಯೋಜನೆ ಇದೆ. ಶುಲ್ಕ, ಪುಸ್ತಕ, ಉಪಕರಣದ ಜೊತೆಗೆ ತಿಂಗಳಿಗೆ 2,000 ಡಾಲರಿಗೂ ಮೀರಿದ ಸ್ಟೈಪೆಂಡ್ ಬರುತ್ತದೆ. ವರ್ಷದಲ್ಲಿ 45 ದಿನ ಸಕ್ರಿಯ ಸೇವೆಯ ಸಂಬಳವೂ ಉಂಟು. 4 ವರ್ಷ ಪಡೆದರೆ 4 ವರ್ಷ ಸಕ್ರಿಯ ಸೇವೆ. ಒಟ್ಟು ಬಾಧ್ಯತೆ 8 ವರ್ಷ. ಉಳಿದದ್ದು ಮೀಸಲು ಪಡೆಯಲ್ಲಿ. ವೈದ್ಯಕೀಯ ತಪಾಸಣೆ, ಹಿನ್ನೆಲೆ ಪರಿಶೀಲನೆಗೆ ತಿಂಗಳುಗಳೇ ಹಿಡಿಯುತ್ತವೆ. ಹೀಗಾಗಿ ಸೀಟು ಸಿಕ್ಕ ಮೇಲೆ ನೋಡೋಣ ಎನ್ನದೆ, ಕಾಲೇಜಿಗೆ ಅರ್ಜಿ ಹಾಕುವ ವರ್ಷವೇ ಆರೋಗ್ಯ ವಿಭಾಗದ ನೇಮಕಾತಿ ಅಧಿಕಾರಿಯನ್ನು ಕಾಣಬೇಕು. ಈ ಯೋಜನೆ ಮತ್ತು ಎನ್‌ಎಚ್‌ಎಸ್‌ಸಿ ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಓದಿದ ಮೇಲೆ ಸಾಲ ತೀರಿಸುವುದು

ಇಪ್ಪತ್ತೆರಡು-ಇಪ್ಪತ್ತಮೂರರ ಹರೆಯದಲ್ಲಿ ಎಂಟು ವರ್ಷದಾಚೆಯ ಬದುಕನ್ನು ಬರೆದುಕೊಡುವುದಕ್ಕಿಂತ ಓದು ಮುಗಿದ ಮೇಲೆ ಸೇವೆ ಮಾಡಿ ಸಾಲ ತೀರಿಸಿಕೊಳ್ಳುವ ಈ ದಾರಿ ನಿರಾಳ ಎಂಬುದು ನಮ್ಮ ಅಭಿಪ್ರಾಯ. ಅನುಮೋದಿತ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕ ದಂತವೈದ್ಯರಿಗೆ ಎನ್‌ಎಚ್‌ಎಸ್‌ಸಿ 2 ವರ್ಷದ ಪೂರ್ಣಾವಧಿ ಸೇವೆಗೆ 50,000 ಡಾಲರ್ ತನಕ, ಅರ್ಧಾವಧಿಗೆ 25,000 ತನಕ ಕೊಡುತ್ತದೆ. ಇದಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ. ಹೆಚ್ಚು ಅಂಕದ ಕ್ಲಿನಿಕ್ಕಿನವರಿಗೆ ಮೊದಲ ಆದ್ಯತೆ. ಸಾಲ ಉಳಿದಿದ್ದರೆ ಒಂದೊಂದೇ ವರ್ಷ ಮುಂದುವರಿಸಲು ಕೇಳಬಹುದು, ಆದರೆ ಮೊದಲು ಬಂದ ಹಣ ಪೂರ್ತಿ ಸಾಲಕ್ಕೇ ಹೋಗಿದೆ ಎಂಬುದಕ್ಕೆ ದಾಖಲೆ ತೋರಿಸಬೇಕು. ಪಾವತಿಯ ಪ್ರತಿ ರಸೀತಿ ಎತ್ತಿಡಿ.

ಅರ್ಜಿ ಬೀಳುವುದು ಹೆಚ್ಚಾಗಿ ಸಾಲದ ಸ್ವರೂಪದಿಂದ. ಸಾಲ ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಅಪ್ಪ-ಅಮ್ಮ ತಮ್ಮ ಹೆಸರಲ್ಲಿ ತೆಗೆದ ಪೇರೆಂಟ್ ಪ್ಲಸ್, ಮನೆಯ ಮೇಲಿನ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಲೆಕ್ಕಕ್ಕೆ ಬರುವುದಿಲ್ಲ. ಕಾರಿನ ಸಾಲವನ್ನೋ ಗಂಡ-ಹೆಂಡಿರ ಸಾಲವನ್ನೋ ಓದಿನ ಸಾಲದ ಜೊತೆ ಸೇರಿಸಿ ರೀಫೈನಾನ್ಸ್ ಮಾಡಿಸಿದರೆ ಇಡೀ ಸಾಲವೇ ಅನರ್ಹ.

ಇಲ್ಲೂ ದಂಡ ಉಂಟು: ಸೇವೆ ಸಲ್ಲಿಸದ ಅವಧಿಯ ಹಣ, ಉಳಿದ ಪ್ರತಿ ತಿಂಗಳಿಗೆ 7,500 ಡಾಲರ್, ಮೇಲೆ ಬಡ್ಡಿ. 50,000 ಪಡೆದು 14ನೇ ತಿಂಗಳಿಗೆ ಬಿಟ್ಟರೆ ಉಳಿದ 10 ತಿಂಗಳ ಪಾಲು 20,833, ದಂಡ 75,000. ಪಡೆದದ್ದರ ಸುಮಾರು ಎರಡು ಪಟ್ಟು. ಲೆಕ್ಕ ಎಷ್ಟೇ ಕಡಿಮೆ ಬಂದರೂ ಕಟ್ಟಬೇಕಾದ ಕನಿಷ್ಠ ಮೊತ್ತ 31,000.

ಹಲವು ರಾಜ್ಯಗಳಿಗೆ ತಮ್ಮದೇ ಯೋಜನೆಗಳಿವೆ. ಮೂಲನಿವಾಸಿ ಬುಡಕಟ್ಟುಗಳ ಆರೋಗ್ಯ ಸೇವೆಯಾದ ಐಎಚ್‌ಎಸ್‌ನಲ್ಲಿ ವಿದ್ಯಾರ್ಥಿವೇತನ ಆ ಸಮುದಾಯದವರಿಗೆ ಮಾತ್ರ. ಸಾಲ ಮರುಪಾವತಿ ಯೋಜನೆಗೆ ಬೇರೆಯವರೂ ಅರ್ಜಿ ಹಾಕಬಹುದು.

ಜೊತೆಗೆ ಪಿಎಸ್‌ಎಲ್‌ಎಫ್

ಇದು ಪಬ್ಲಿಕ್ ಸರ್ವೀಸ್ ಲೋನ್ ಫರ್ಗಿವ್‌ನೆಸ್, ಅಂದರೆ ಸಾರ್ವಜನಿಕ ಸೇವೆಗೆ ಸಾಲ ಮನ್ನಾ. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾ 120 ಅರ್ಹ ಕಂತು ಕಟ್ಟಿದರೆ ಉಳಿದ ಫೆಡರಲ್ ಸಾಲ ಮನ್ನಾ ಆಗುತ್ತದೆ. ಗ್ರೀನ್ ಕಾರ್ಡ್‌ನವರಿಗೂ ಇದು ತೆರೆದಿದೆ. ಖಾಸಗಿ ಬ್ಯಾಂಕಿನ ಸಾಲಕ್ಕೆ ಅನ್ವಯಿಸುವುದಿಲ್ಲ; ಫೆಡರಲ್ ಸಾಲವನ್ನು ಕಡಿಮೆ ಬಡ್ಡಿಯ ಆಸೆಗೆ ಖಾಸಗಿಗೆ ವರ್ಗಾಯಿಸಿದರೆ ಹಕ್ಕು ಹೋದಂತೆಯೇ. ಸಮುದಾಯ ಆರೋಗ್ಯ ಕೇಂದ್ರಗಳು ಬಹುತೇಕ ಲಾಭರಹಿತವಾದ್ದರಿಂದ ಎನ್‌ಎಚ್‌ಎಸ್‌ಸಿ ಸೇವೆಯ ತಿಂಗಳುಗಳೇ ಇಲ್ಲಿಗೂ ಸಲ್ಲುತ್ತವೆ. ಹಾಗೆ ಎರಡನ್ನೂ ಹಿಡಿದವರು ಎನ್‌ಎಚ್‌ಎಸ್‌ಸಿಯ ಹಣವನ್ನು ಮೊದಲು ಅರ್ಹ ಖಾಸಗಿ ಸಾಲಕ್ಕೆ ತುಂಬಲಿ. ಹೇಗೂ ಮನ್ನಾ ಆಗಲಿರುವ ಫೆಡರಲ್ ಸಾಲಕ್ಕೆ ಸುರಿದರೆ ಉಳಿಯುವುದು ಸರ್ಕಾರದ ದುಡ್ಡೇ ಹೊರತು ನಿಮ್ಮದಲ್ಲ. ಉದ್ಯೋಗದಾತರ ದೃಢೀಕರಣ ಪತ್ರವನ್ನು ವರ್ಷಕ್ಕೊಮ್ಮೆ, ಕೆಲಸ ಬದಲಿಸಿದಾಗಲೆಲ್ಲ ಸಲ್ಲಿಸುತ್ತಿರಿ. ಹತ್ತನೇ ವರ್ಷದಲ್ಲಿ ಮುಚ್ಚಿಹೋದ ಕ್ಲಿನಿಕ್ಕಿನ ಮುದ್ರೆಗೆ ಅಲೆಯುವುದು ತಪ್ಪುತ್ತದೆ.