ಮೈಕ್ ಸೌಂಡ್ ತುಂಬ ಸಣ್ಣ ಬರ್ತಿದ್ಯಾ? ಇನ್‌ಲೈನ್ ಪ್ರೀಆಂಪ್ ಹಾಕೋದು ಹೀಗೆ, ಆದ್ರೆ ಅದಕ್ಕೂ ಮೊದ್ಲು ಇಷ್ಟು ನೋಡ್ಕೊಳ್ಳಿ

ಮನೇಲೇ ಕೂತು ಪಾಡ್‌ಕಾಸ್ಟ್ ಮಾಡೋರು, ಕಥೆ ಓದಿ ಆಡಿಯೋಬುಕ್ ಮಾಡೋರು, ವಾಯ್ಸ್ ಓವರ್ ಕೊಡೋರು ಈಗ ಕನ್ನಡದಲ್ಲೂ ತುಂಬ ಜನ ಇದಾರೆ. ಇವ್ರಲ್ಲಿ ಬಹಳಷ್ಟು ಜನಕ್ಕೆ ಬರೋ ಸಮಸ್ಯೆ ಒಂದೇ. ಒಳ್ಳೆ ಡೈನಮಿಕ್ ಮೈಕ್ ತಗೊಂಡಿರ್ತಾರೆ, ಇಂಟರ್‌ಫೇಸ್‌ನ (ಮೈಕನ್ನ ಕಂಪ್ಯೂಟರ್‌ಗೆ ಜೋಡಿಸೋ ಸಾಧನ) ಗೇನ್ ನಾಬ್, ಅಂದ್ರೆ ಸಿಗ್ನಲ್ ಏರಿಸೋ ನಾಬ್, ಪೂರ್ತಿ ತಿರುಗಿಸಿದ್ರೂ ವಾಯ್ಸ್ ಎಲ್ಲೋ ದೂರದಲ್ಲಿ ಮಾತಾಡಿದ ಹಾಗೆ ಇರತ್ತೆ, ಎಡಿಟಿಂಗ್‌ನಲ್ಲಿ ವಾಲ್ಯೂಮ್ ಏರಿಸಿದ್ರೆ ಹಿಂದೆ ಸುಯ್ ಅನ್ನೋ ಶಬ್ದಾನೂ ಜೊತೆಗೇ ಎದ್ದು ಬರತ್ತೆ. ಆಗ ಯಾರಾದ್ರೂ ಒಬ್ರು ಬೂಸ್ಟರ್ ಹಾಕಿ ಅಂತಾರೆ. ಈ ಬೂಸ್ಟರ್ ಅಂದ್ರೇನೇ ಇನ್‌ಲೈನ್ ಪ್ರೀಆಂಪ್, ಮೈಕ್‌ಗೂ ಇಂಟರ್‌ಫೇಸ್‌ಗೂ ಮಧ್ಯೆ ಕೇಬಲ್‌ನಲ್ಲಿ ಸೇರಿಸೋ ಒಂದು ಸಣ್ಣ ಡಬ್ಬಿ. ಕ್ಲೌಡ್‌ಲಿಫ್ಟರ್, ಫೆಟ್‌ಹೆಡ್, ಡೈನಮೈಟ್ ಅನ್ನೋವು ಇದ್ರಲ್ಲಿ ಹೆಚ್ಚು ಕೇಳೋ ಹೆಸರುಗಳು, ಇವೆಲ್ಲ ಸುಮಾರು 25ರಿಂದ 28 ಡಿಬಿ (ಡೆಸಿಬೆಲ್, ಶಬ್ದ ಅಥವಾ ಸಿಗ್ನಲ್ ಮಟ್ಟದ ಅಳತೆ) ಗೇನ್ ಕೊಡ್ತವೆ. 20 ಡಿಬಿ ಅಂದ್ರೇನೇ ವೋಲ್ಟೇಜ್ ಹತ್ತು ಪಟ್ಟು, 25 ಅಂದ್ರೆ ಹೆಚ್ಚುಕಮ್ಮಿ ಹದಿನೆಂಟು ಪಟ್ಟು, ಹಾಗಾಗಿ ಇದು ಸಣ್ಣ ಏರಿಕೆ ಅಲ್ವೇ ಅಲ್ಲ.

ಮೈಕ್ ಸೌಂಡ್ ಸಣ್ಣ ಇದೆ ಅಂದ್ರೆ ಮೈಕ್ ಕೆಟ್ಟಿದೆ ಅಂತ ಅಲ್ಲ. ಡೈನಮಿಕ್ ಮೈಕ್ ಒಳಗೆ ಅಯಸ್ಕಾಂತದ ನಡುವೆ ಒಂದು ಕಾಯಿಲ್ ಅಲ್ಲಾಡ್ತಿರತ್ತೆ, ಹೊರಗಿಂದ ಪವರ್ ಇಲ್ಲ, ಒಳಗೆ ಆಂಪ್ಲಿಫೈಯರ್ ಇಲ್ಲ, ನಮ್ಮ ದನಿಯ ಒತ್ತಡದಿಂದ ಎಷ್ಟು ಕರೆಂಟ್ ಹುಟ್ಟತ್ತೋ ಅಷ್ಟೇ. ಎಲ್ಲರೂ ಆಸೆ ಪಡೋ ಶೂರ್ ಎಸ್‌ಎಂ7ಬಿ 94 ಡಿಬಿ ಶಬ್ದಕ್ಕೆ ಕೊಡೋದು 1.12 ಮಿಲಿವೋಲ್ಟ್, ಸ್ಟೇಜ್ ಮೇಲೆ ಎಲ್ಲಾ ಕಡೆ ಕಾಣೋ ಎಸ್‌ಎಂ58 ಸುಮಾರು 1.85 ಮಿಲಿವೋಲ್ಟ್. ಅದೇ ರೋಡ್ ಎನ್‌ಟಿ1-ಎ ಥರದ ಕಂಡೆನ್ಸರ್ ಮೈಕ್ (ಹೊರಗಿಂದ ಪವರ್ ತಗೊಂಡು ಓಡೋ ಮೈಕ್) ಆದ್ರೆ 25 ಮಿಲಿವೋಲ್ಟ್ ಕೊಡತ್ತೆ. ವ್ಯತ್ಯಾಸ ನೀವೇ ನೋಡಿ. ಎಸ್‌ಎಂ7ಬಿಗೆ ಕನಿಷ್ಠ 60 ಡಿಬಿ ಗೇನ್ ಬೇಕು ಅಂತ ಶೂರ್ ಕಂಪನಿಯೇ ಹೇಳತ್ತೆ, ಆದ್ರೆ ತುಂಬ ಜನರ ಮನೇಲಿರೋ ಸ್ಕಾರ್ಲೆಟ್ 2ಐ2 ಇಂಟರ್‌ಫೇಸ್‌ನ ಮೂರನೇ ಜನರೇಶನ್‌ನಲ್ಲಿ ಇರೋದೇ 56 ಡಿಬಿ.

ಆದ್ರೂ ತಕ್ಷಣ ಆರ್ಡರ್ ಮಾಡ್ಬೇಡಿ, ದಯವಿಟ್ಟು. ಕೆಲವು ಬೂಸ್ಟರ್‌ಗಳ ಬೆಲೆ ಒಂದು ಸಣ್ಣ ಇಂಟರ್‌ಫೇಸ್‌ನಷ್ಟೇ ಇರತ್ತೆ, ಮತ್ತೆ ಇದು ನಿಮ್ಮ ದನಿಯನ್ನ ಮಾತ್ರ ಆರಿಸಿ ಎತ್ತಲ್ಲ, ಮೈಕ್‌ಗೆ ಕೇಳಿಸಿದ್ದನ್ನೆಲ್ಲ ಎತ್ತತ್ತೆ, ಫ್ಯಾನು, ಫ್ರಿಜ್ಜು, ಬೀದಿಯ ಆಟೋ ಎಲ್ಲಾನೂ. ನನ್ನ ಪ್ರಕಾರ ಅರ್ಧಕ್ಕರ್ಧ ಜನಕ್ಕೆ ಇದರ ಅಗತ್ಯನೇ ಇರಲ್ಲ, ಅವರು ಮೈಕ್‌ನಿಂದ ದೂರ ಕೂತಿರ್ತಾರೆ ಅಷ್ಟೇ.

ಹಾಗಾಗಿ ಮೊದಲನೇ ಕೆಲಸ ದೂರ ಕಮ್ಮಿ ಮಾಡೋದು. ದೂರ ಅರ್ಧ ಆದಾಗೆಲ್ಲ ಸಿಗ್ನಲ್ ಸುಮಾರು 6 ಡಿಬಿ ಏರತ್ತೆ. 30 ಸೆಂಟಿಮೀಟರ್‌ನಿಂದ ಏಳೂವರೆಗೆ ಬಂದ್ರೆ, ಅಂದ್ರೆ ಬಾಯಿಗೂ ಮೈಕ್‌ಗೂ ನಾಲ್ಕು ಬೆರಳು ಅಂತರ ಇಟ್ರೆ, ಪುಕ್ಕಟೆಯಾಗಿ 12 ಡಿಬಿ ಸಿಕ್ತು, ಅದೂ ರೂಮಿನ ಗದ್ದಲ ಒಂಚೂರೂ ಏರದೆ. ಇದನ್ನ ಯಾವ ಡಬ್ಬಿನೂ ಕೊಡಕ್ಕಾಗಲ್ಲ. ಹತ್ತಿರ ಬಂದಾಗ ಪ, ಫ, ಬ, ಭ ಅಕ್ಷರಗಳಿಗೆ ಗಾಳಿ ಹೊಡೆಯತ್ತೆ, ಅದಕ್ಕೆ ಮೈಕನ್ನ ಬಾಯಿಗೆ ನೇರ ಇಡದೆ ಸ್ವಲ್ಪ ಪಕ್ಕದಿಂದ ಓರೆಯಾಗಿ ಇಡಿ, ಫೋಮ್ ಹಾಕಿ. ದನಿಯಲ್ಲಿ ಬೇಸ್ ಜಾಸ್ತಿ ಆದ್ರೆ ಎಡಿಟಿಂಗ್‌ನಲ್ಲಿ ಕಮ್ಮಿ ಮಾಡ್ಕೋಬಹುದು.

ಎರಡನೇದು, ಆ ಸುಯ್ ಶಬ್ದ ಎಲ್ಲಿಂದ ಬರ್ತಿದೆ ಅಂತ ಕಂಡುಹಿಡಿಯೋದು, ಇದು ತುಂಬ ಮುಖ್ಯ. ಗೇನ್ ಎಲ್ಲಿದ್ಯೋ ಅಲ್ಲೇ ಬಿಟ್ಟು ಮಾತಾಡದೆ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಮೈಕನ್ನ ದಪ್ಪ ಕಂಬಳಿಯಲ್ಲಿ ಸುತ್ತಿ ಬೀರು ಒಳಗಿಟ್ಟು ಬಾಗಿಲು ಹಾಕಿ ಇನ್ನೊಂದು ಅರ್ಧ ನಿಮಿಷ. ಹೆಡ್‌ಫೋನ್‌ನಲ್ಲಿ ಎರಡನ್ನೂ ಕೇಳಿ. ಬೀರುವಿನೊಳಗೆ ಗದ್ದಲ ಇಳಿದಿದ್ರೆ ಅದು ರೂಮಿನದು, ಬೂಸ್ಟರ್ ಏನೂ ಮಾಡಲ್ಲ. ಹಾಗೇ ಇದ್ರೆ ಇಂಟರ್‌ಫೇಸ್‌ನ ಪ್ರೀಆಂಪ್ (ಮೈಕ್ ಸಿಗ್ನಲ್ ಏರಿಸೋ ಒಳಗಿನ ಭಾಗ) ಕಷ್ಟಪಡ್ತಿದೆ ಅಂತ ಅರ್ಥ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇದೇ ಟೆಸ್ಟ್ ಮಾಡಿದ್ರೆ ಇನ್ನೂ ಸ್ಪಷ್ಟ, ಫ್ಯಾನ್ ಫ್ರಿಜ್ ಎಲ್ಲ ತಾನಾಗೇ ಬಂದ್ ಆಗಿರತ್ತೆ. ಕೇಳಿಸ್ತಿರೋದು ಸುಯ್ ಅಲ್ಲ, ಗುಂಯ್ ಅನ್ನೋ ದಪ್ಪ ಶಬ್ದ ಅಂದ್ರೆ ಅದು ನಮ್ಮ 50 ಹರ್ಟ್ಸ್ ಕರೆಂಟ್‌ದು, ಬಹಳ ಸಲ ಚಾರ್ಜರ್ ಕಿತ್ತ ಕೂಡ್ಲೇ ಮಾಯ ಆಗತ್ತೆ, ಆಗದಿದ್ರೆ ಕೇಬಲ್ಲೂ ಅರ್ಥಿಂಗೂ ನೋಡಿಸಿ.

ಇಷ್ಟೆಲ್ಲ ಆದ್ಮೇಲೂ ನಾಬ್ ಕೊನೇ ತುದಿಯಲ್ಲೇ ಇದೆ, ವಾಯ್ಸ್ ಸಾಲ್ತಿಲ್ಲ ಅಂದ್ರೆ ಬೂಸ್ಟರ್ ನಿಮಗೆ ನಿಜವಾಗ್ಲೂ ಬೇಕು.

ತಗೊಳ್ಳೋಕೆ ಮುಂಚೆ ಮೂರು ವಿಷಯ ಗಟ್ಟಿ ಮಾಡ್ಕೊಳ್ಳಿ. ನಿಮ್ಮ ಮೈಕ್ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ಕನೆಕ್ಟರ್) ಇರೋ ಡೈನಮಿಕ್ ಅಥವಾ ರಿಬ್ಬನ್ (ಕಾಯಿಲ್ ಬದಲು ತೆಳು ಲೋಹದ ಪಟ್ಟಿ ಇರೋ ನಾಜೂಕು ಮೈಕ್) ಆಗಿರ್ಬೇಕು. ಯುಎಸ್‌ಬಿ ಮೈಕ್‌ಗೆ, ಶರ್ಟಿಗೆ ಸಿಕ್ಕಿಸೋ ಸಣ್ಣ ಪಿನ್ನಿನ ಮೈಕ್‌ಗೆ ಇದು ಆಗಲ್ಲ. ಕಂಡೆನ್ಸರ್‌ಗೂ ಆಗಲ್ಲ, ಯಾಕಂದ್ರೆ ಬೂಸ್ಟರ್ ಇಂಟರ್‌ಫೇಸ್‌ನ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಬರೋ ಪವರ್) ತಗೊಂಡು ತಾನು ಓಡತ್ತೆ, ಮೈಕ್ ಕಡೆಗೆ ಅದನ್ನ ಬಿಡಲ್ಲ (ಬಿಡೋ ಮಾಡೆಲ್‌ಗಳು ಬೇರೆ ಇವೆ, ಹೆಸರು ನೋಡಿ ತಗೊಳ್ಳಿ). 48 ವೋಲ್ಟ್ ತಗುಲಿದ್ರೆ ಹಾಳಾಗಬಹುದಾದ ಹಳೇ ರಿಬ್ಬನ್ ಮೈಕ್ ಇರೋರಿಗೆ ಇದೇ ಒಂದು ರಕ್ಷಣೆ ಆಗತ್ತೆ. ಎರಡನೇದು, ಇಂಟರ್‌ಫೇಸ್‌ನಲ್ಲಿ ಅಥವಾ ಮಿಕ್ಸರ್‌ನಲ್ಲಿ 48 ವೋಲ್ಟ್ ಬಟನ್ ಇರ್ಬೇಕು, ಕೆಲವು ಅಗ್ಗದ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ ಅಂತ ಬರೆದಿದ್ರೂ ವೋಲ್ಟೇಜ್ ಅಷ್ಟು ಬರಲ್ಲ.

ಮೂರನೇದು ಕೇಬಲ್, ಇಲ್ಲೇ ನಮ್ಮ ಕಡೆ ತುಂಬ ಜನ ಎಡವೋದು. ಇಲ್ಲಿನ ಅಂಗಡಿಗಳಲ್ಲಿ ಮೈಕ್ ಜೊತೆ ಬರೋ ಕೇಬಲ್ ಎಷ್ಟೋ ಸಲ ಒಂದು ಕಡೆ ಎಕ್ಸ್‌ಎಲ್‌ಆರ್, ಇನ್ನೊಂದು ಕಡೆ ಪಿ-38 ಅಂತ ಕರೆಯೋ ದಪ್ಪ ಜ್ಯಾಕ್ ಇರತ್ತೆ. ಆ ಜ್ಯಾಕಿನ ದಾರಿಯಲ್ಲಿ 48 ವೋಲ್ಟ್ ಬರೋದೇ ಇಲ್ಲ, ಬೂಸ್ಟರ್ ಸತ್ತ ಹಾಗೇ ಕೂತಿರತ್ತೆ. ಎರಡೂ ಕಡೆ ಎಕ್ಸ್‌ಎಲ್‌ಆರ್ ಇರೋ ಮೂರು ಪಿನ್ನಿನ ಕೇಬಲ್ಲೇ ಬೇಕು.

ಈಗ ಜೋಡಿಸೋದು. ಗೇನ್ ನಾಬ್ ಸೊನ್ನೆಗೆ ತನ್ನಿ, 48 ವೋಲ್ಟ್ ಆಫ್ ಇರಲಿ, ಹೆಡ್‌ಫೋನ್ ಕಿವಿಯಿಂದ ತೆಗೀರಿ, ಸ್ಪೀಕರ್ ಮ್ಯೂಟ್ ಮಾಡಿ, ಯಾಕಂದ್ರೆ 48 ವೋಲ್ಟ್ ಆನ್ ಆಗುವಾಗ ಟಪ್ ಅಂತ ಜೋರಾಗಿ ಹೊಡೆಯತ್ತೆ. ಮೈಕ್‌ನಿಂದ ಬೂಸ್ಟರ್‌ನ ಇನ್‌ಪುಟ್‌ಗೆ, ಬೂಸ್ಟರ್‌ನ ಔಟ್‌ಪುಟ್‌ನಿಂದ ಇಂಟರ್‌ಫೇಸ್‌ಗೆ. ಡಬ್ಬಿ ಥರದ್ದಾದ್ರೆ ಎರಡು ಕೇಬಲ್ ಬೇಕು, ಕಡ್ಡಿ ಥರದ್ದಾದ್ರೆ ನೇರ ಮೈಕ್‌ನ ಬಾಲಕ್ಕೇ ಚುಚ್ಚಬಹುದು. ಮೈಕ್ ಹತ್ತಿರ ಇದ್ದಷ್ಟೂ ಒಳ್ಳೇದು, ಉದ್ದ ಕೇಬಲ್‌ಗೆ ಹೋಗೋ ಮೊದ್ಲೇ ಸಿಗ್ನಲ್ ದೊಡ್ಡದಾಗಿದ್ರೆ ದಾರಿಯಲ್ಲಿ ಸೇರೋ ಗದ್ದಲ ಅದಕ್ಕೆ ಲೆಕ್ಕಕ್ಕೇ ಬರಲ್ಲ. ಎರಡು ಮೀಟರ್ ಕೇಬಲ್ ಇರೋ ಮೇಜಿನ ಮೇಲೆ ಎಲ್ಲಿಟ್ರೂ ನಡೆಯತ್ತೆ.

ಇನ್ನು 48 ವೋಲ್ಟ್ ಆನ್ ಮಾಡಿ, ಹತ್ತು ಸೆಕೆಂಡ್ ಬಿಡಿ. ಗೇನನ್ನ ಹಳೇ ಜಾಗಕ್ಕೆ ಒಂದೇ ಸಲ ತಿರುಗಿಸ್ಬೇಡಿ, ಮೊದ್ಲು 60 ಬೇಕಿದ್ದಲ್ಲಿ ಈಗ 35 ಸಾಕು. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಅತಿ ಜೋರಾಗಿ ಓದೋ ಸಾಲು ಯಾವುದೋ ಅದನ್ನೇ ಓದ್ತಾ ನಿಧಾನಕ್ಕೆ ಏರಿಸಿ, ಸಾಫ್ಟ್‌ವೇರ್ ಮೀಟರ್‌ನಲ್ಲಿ ಜೋರು ಮಾತು ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ಮುಟ್ಟಲಿ, ಮಾಮೂಲಿ ಮಾತು ಮೈನಸ್ 18ರ ಆಸುಪಾಸು ಆಡ್ಲಿ. ಕೆಂಪು ಯಾವತ್ತೂ ಬರಬಾರ್ದು. ಪಿಸುಮಾತಿನ ಹಾಗೆ ಮೆಲ್ಲಗೆ ಓದೋರಿಗೆ ಇದರ ಉಪಯೋಗ ಹೆಚ್ಚು, ಗಂಟಲು ಬಿಟ್ಟು ಹಾಡೋರಿಗೆ, ಚಂಡೆ ಮದ್ದಳೆ ಹತ್ತಿರ ಇಡೋ ಮೈಕ್‌ಗೆ ಬೇಡ್ವೇ ಬೇಡ, ಸಿಗ್ನಲ್ ಇಂಟರ್‌ಫೇಸ್‌ನ ಒಳಗೆ ಹೋಗೋವಾಗಲೇ ಒಡೆದುಹೋಗತ್ತೆ.

ಆಮೇಲೆ ಹಳೇ ರೆಕಾರ್ಡಿಂಗ್ ಜೊತೆ ಹೋಲಿಸಿ, ಎರಡರಲ್ಲೂ ದನಿಯನ್ನ ಒಂದೇ ಮಟ್ಟಕ್ಕೆ ತಂದು ಖಾಲಿ ಜಾಗದ ಸುಯ್ ಮಾತ್ರ ಕೇಳಿ. ಒಳ್ಳೇ ಇಂಟರ್‌ಫೇಸ್ ಆದ್ರೆ ಗದ್ದಲದಲ್ಲಿ ವ್ಯತ್ಯಾಸ ತುಂಬ ಕಮ್ಮಿ, ಮುಖ್ಯ ಲಾಭ ಸಾಕಷ್ಟು ಗೇನ್ ಸಿಗೋದು. ಹಳೇ ಅಥವಾ ಅಗ್ಗದ ಇಂಟರ್‌ಫೇಸ್‌ನಲ್ಲಿ, ಕೊನೇ ತುದಿಯಲ್ಲಿ ಸುಯ್ ಅನ್ನೋದೇ ಸ್ವಭಾವ ಆಗಿರೋವುಗಳಲ್ಲಿ, ವ್ಯತ್ಯಾಸ ಚೆನ್ನಾಗಿ ಗೊತ್ತಾಗತ್ತೆ.

ಸೌಂಡ್ ಬರ್ಲೇ ಇಲ್ಲ ಅಂದ್ರೆ ಮೊದ್ಲು 48 ವೋಲ್ಟ್ ದೀಪ ನೋಡಿ, ಆಮೇಲೆ ಕೇಬಲ್, ಆಮೇಲೆ ಬೂಸ್ಟರ್ ತೆಗೆದು ಮೈಕ್ ಒಂದನ್ನೇ ನೇರ ಹಾಕಿ. ಎಷ್ಟೋ ಮಿಕ್ಸರ್‌ಗಳಲ್ಲಿ 48 ವೋಲ್ಟ್ ಬಟನ್ ಎಲ್ಲಾ ಚಾನೆಲ್‌ಗೂ ಒಂದೇ ಇರತ್ತೆ, ಪಕ್ಕದ ಚಾನೆಲ್‌ನಲ್ಲಿ ರಿಬ್ಬನ್ ಮೈಕ್ ನೇರವಾಗಿ ಹಾಕಿದ್ರೆ ಮೊದ್ಲು ಅದನ್ನ ಕಿತ್ತಿಡಿ.

ಹೊಸದಾಗಿ ಸೆಟಪ್ ಮಾಡೋರು ಈ ಖರ್ಚನ್ನೇ ತಪ್ಪಿಸಬಹುದು. ಸ್ಕಾರ್ಲೆಟ್ 2ಐ2 ನಾಲ್ಕನೇ ಜನರೇಶನ್‌ನಲ್ಲಿ ಗೇನ್ 69 ಡಿಬಿವರೆಗೂ ಇದೆ, 2023ರಲ್ಲಿ ಬಂದ ಶೂರ್ ಎಸ್‌ಎಂ7ಡಿಬಿಯಲ್ಲಿ ಬೂಸ್ಟರ್ ಮೈಕ್ ಒಳಗೇ ಕೂತಿದೆ, 18 ಅಥವಾ 28 ಡಿಬಿ ಆರಿಸ್ಕೋಬಹುದು, ಅದಕ್ಕೂ 48 ವೋಲ್ಟ್ ಕೊಡ್ಲೇಬೇಕು. ಈಗಾಗ್ಲೇ ಬೂಸ್ಟರ್ ಇಟ್ಕೊಂಡು ಆಮೇಲೆ ಇಂಟರ್‌ಫೇಸ್ ಬದಲಾಯಿಸಿದೋರು ಅದನ್ನ ಒಂದ್ಸಲ ತೆಗೆದು ರೆಕಾರ್ಡ್ ಮಾಡಿ ಕೇಳಿ, ವ್ಯತ್ಯಾಸ ಇಲ್ಲ ಅಂದ್ರೆ ಅದು ಬೇಕಾಗಿರೋ ಇನ್ನೊಬ್ರಿಗೆ ಕೊಟ್ಬಿಡಿ.