ಗೋಧಿ ನುಚ್ಚಿನ ಕಿತ್ತಳೆ ಬಿಯರ್: ಐದು ಬ್ಯಾಚ್ ಕೆಟ್ಟ ಮೇಲೆ ಕೈಗೆ ಹತ್ತಿದ ಹದ

ಗೋಧಿ ನುಚ್ಚು ಹಾಕಿ ವಿಟ್‌ಬಿಯರ್ (ಬೆಲ್ಜಿಯಂ ಶೈಲಿಯ ಗೋಧಿ ಬಿಯರ್) ಮಾಡುತ್ತೇನೆ ಅಂದಾಗ ಇಲ್ಲಿ ಆಸ್ಟಿನ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡುವ ಗೆಳೆಯರು ಎರಡು ಮಾತು ಹೇಳಿದ್ದರು. ಒಂದು, ಮ್ಯಾಶ್, ಅಂದರೆ ಬಿಸಿನೀರಲ್ಲಿ ನೆನೆಸಿದ ಧಾನ್ಯ, ಮುದ್ದೆಯಾಗುತ್ತದೆ. ಇನ್ನೊಂದು, ತಾಜಾ ಕಿತ್ತಳೆ ಸಿಪ್ಪೆಯ ಪರಿಮಳ ಬಾಟಲಿಯವರೆಗೆ ಉಳಿಯುವುದಿಲ್ಲ, ಅಂಗಡಿಯಲ್ಲಿ ಸಿಗುವ ಒಣಗಿಸಿದ ಕಹಿ ಕಿತ್ತಳೆ ಸಿಪ್ಪೆಯೇ ಆಗಬೇಕು. ಎರಡೂ ಪೂರ್ತಿ ಸುಳ್ಳಲ್ಲ. ಮೊದಲ ಎರಡು ಬ್ಯಾಚು ಅವರು ಹೇಳಿದ ಹಾಗೇ ಕೆಟ್ಟವು. ಈಗ ಒಂಬತ್ತೋ ಹತ್ತೋ ಆಗಿರಬೇಕು, ಕೊನೆಯ ನಾಲ್ಕು ಒಂದೇ ರುಚಿಗೆ ಬಂದಿವೆ. ಖಾಲಿ ಬಾಟಲಿ ವಾಪಸ್ ಕೊಡಲು ಬಂದವರು ತುಂಬಿದ್ದು ಇದೆಯಾ ಅಂತ ಕೇಳಿಯೇ ಹೋಗುತ್ತಾರೆ. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಮ್ಯಾಶ್, ಸ್ಪಾರ್ಜ್, ಸ್ಯಾನಿಟೈಸ್ ಅಂದರೇನು ಅಂತ ಶುರುವಿನಿಂದ ಹೇಳುವುದಿಲ್ಲ, ಒಂದೆರಡು ಬ್ಯಾಚ್ ಮಾಡಿದವರಿಗೆ ಇದು.

ಊರಲ್ಲಿ ಇದನ್ನು ಓದುವವರಿಗೆ: ಅಮೆರಿಕದಲ್ಲಿ 1978ರ ತಿದ್ದುಪಡಿಯ ಮೇಲೆ ಮನೆಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಪರವಾನಗಿ ಇಲ್ಲದೆ ತಯಾರಿಸುವ ಹಾಗೇ ಇಲ್ಲ. ಅಲ್ಲಿ ಮಾಡಿ ನೋಡಬೇಡಿ.

ವಿಟ್‌ಬಿಯರ್‌ಗೂ ಆಸ್ಟಿನ್‌ಗೂ ಹಳೆಯ ನಂಟು. ಬೆಲ್ಜಿಯಂನ ಹೂಗಾರ್ಡನ್ ಊರಲ್ಲಿ ಸತ್ತೇ ಹೋಗಿದ್ದ ಈ ಶೈಲಿಯನ್ನು 1966ರಲ್ಲಿ ಎಬ್ಬಿಸಿದ ಪಿಯೆರ್ ಸೆಲಿಸ್ ಆಮೇಲೆ 1992ರಲ್ಲಿ ಬ್ರೂವರಿ ತೆರೆದಿದ್ದು ಇದೇ ಊರಲ್ಲಿ. ಅರ್ಧದಷ್ಟು ಮಾಲ್ಟ್ ಆಗದ (ಮೊಳಕೆ ಬರಿಸಿ ಒಣಗಿಸದ) ಹಸಿ ಗೋಧಿ, ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ, ಇಷ್ಟೇ ಅದರ ಅಡಿಪಾಯ. ಹಸಿ ಗೋಧಿ ಅಂದ ಮೇಲೆ ನುಚ್ಚು ಯಾಕಾಗಬಾರದು?

19 ಲೀಟರ್ ಬ್ಯಾಚಿಗೆ ನನ್ನ ಅಳತೆ ಹೀಗಿದೆ. ಪಿಲ್ಸ್ನರ್ ಮಾಲ್ಟ್ 2.4 ಕೆ.ಜಿ., ಸಣ್ಣ ಗೋಧಿ ನುಚ್ಚು 1.8 ಕೆ.ಜಿ., ಓಟ್ಸ್ ಕಾಲು ಕೆ.ಜಿ., ಭತ್ತದ ಹೊಟ್ಟು ಕಾಲು ಕೆ.ಜಿ. ಕಹಿ ಕೊಡುವ ಹಾಪ್ಸ್ ಹೂವಿಗೆ ಹಾಲರ್ಟಾವ್ ಅಥವಾ ಸಾಜ್ ತಳಿ, 4 ಪರ್ಸೆಂಟ್ ಆಲ್ಫಾ ಆಮ್ಲದ್ದು 28 ಗ್ರಾಂ, ಕುದಿಯ ಕೊನೆಯ 60 ನಿಮಿಷಕ್ಕೆ ಒಂದೇ ಸಲ. ಕಹಿ 14 ಐಬಿಯು ಆಸುಪಾಸು ಬರುತ್ತದೆ, ಅದಕ್ಕಿಂತ ಜಾಸ್ತಿ ಬೇಡ. ಶುರುವಿನ ಗ್ರಾವಿಟಿ (ಸಕ್ಕರೆ ಎಷ್ಟಿದೆ ಅಂತ ಹೇಳುವ ಸಾಂದ್ರತೆ) 1.048, ಮುಗಿಯುವಾಗ 1.010 ಅಥವಾ 1.011, ಅಂದರೆ ಆಲ್ಕೋಹಾಲ್ 5 ಪರ್ಸೆಂಟಿಗೆ ಒಂದು ಕೂದಲು ಕಡಿಮೆ.

ಈಗ ನುಚ್ಚಿನ ವಿಷಯ. ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬೇಯುತ್ತದೆ, 66 ಡಿಗ್ರಿಯ ಮ್ಯಾಶ್‌ಗೆ ಹಾಗೇ ಸುರಿದರೂ ಆಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಹಿಟ್ಟಾದರೆ ಸರಿ. ನುಚ್ಚಿನ ಕಾಳು ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಮೊದಲ ಬ್ಯಾಚಿನಲ್ಲಿ ಹಾಗೇ ಸುರಿದು ಒಂದು ಗಂಟೆ ಬಿಟ್ಟೆ, ಗ್ರಾವಿಟಿ 1.034ಕ್ಕೇ ನಿಂತಿತು. ಒಂದು ಕಾಳನ್ನು ಹಲ್ಲಲ್ಲಿ ಕಡಿದರೆ ನಡುವೆ ಬಿಳಿ ಚುಕ್ಕೆ, ಬೇಯದ ಉಪ್ಪಿಟ್ಟಿನ ಹಾಗೆ. ಎರಡನೆಯ ಸಲ ಮಿಕ್ಸಿಗೆ ಹಾಕಿ ರವೆ ಮಾಡಿದೆ. ಬೆಂದಿತು, ಆದರೆ ಮ್ಯಾಶ್ ಇಡುವ ಕೂಲರಿನ (ಬಿಸಿ ಆರದ ಡಬ್ಬಿಯ) ತಳದ ಜಾಲರಿ ಕಟ್ಟಿಕೊಂಡು ನಲ್ಲಿಯಲ್ಲಿ ಒಂದು ಹನಿ ಇಳಿಯಲಿಲ್ಲ. ಮೂರು ಗಂಟೆ ಕೂತು ಚೊಂಬಿನಲ್ಲಿ ಎತ್ತಿ ಬಟ್ಟೆಯಲ್ಲಿ ಸೋಸಿದ್ದಾಯಿತು.

ದಾರಿ ಇಷ್ಟೇ: ನುಚ್ಚನ್ನು ಒಡೆಯಬೇಡಿ, ಗಂಜಿ ಮಾಡಿ. ಆದರೆ ಬರೀ ನುಚ್ಚಿನ ಗಂಜಿ ಅಂಟಾಗಿ ಪಾತ್ರೆಯ ತಳ ಹಿಡಿಯುತ್ತದೆ, ಹೊತ್ತ ವಾಸನೆ ಬಿಯರ್‌ನಿಂದ ಮತ್ತೆ ಹೋಗುವುದಿಲ್ಲ. ಅದಕ್ಕೆ 2.4 ಕೆ.ಜಿ. ಮಾಲ್ಟಿನಿಂದ 200 ಗ್ರಾಂ ತೆಗೆದು ಒಡೆದು ನುಚ್ಚಿನ ಜೊತೆ ಸೇರಿಸಿ. 7 ಲೀಟರ್ ನೀರಲ್ಲಿ ಕಲಸಿ 67 ಡಿಗ್ರಿಗೆ ತಂದು 15 ನಿಮಿಷ ಬಿಡಿ. ಈ ಹೊತ್ತಲ್ಲಿ ಕೈಗೆ ಗೊತ್ತಾಗುತ್ತದೆ: ಸೌಟು ನಿಲ್ಲುವಷ್ಟು ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಸಡಿಲಾಗಿ ಅಂಬಲಿಯಾಗುತ್ತದೆ. ಮಾಲ್ಟಿನ ಕಿಣ್ವದ ಕೆಲಸ ಅದು. ಆಮೇಲೆ ಉರಿ ಏರಿಸಿ 20 ನಿಮಿಷ ಕುದಿಸಿ. ಸೌಟು ಬಿಡುವ ಹಾಗಿಲ್ಲ, ಫೋನ್ ಬಂದರೂ.

ಅಷ್ಟರಲ್ಲಿ ಉಳಿದ 2.2 ಕೆ.ಜಿ. ಮಾಲ್ಟ್, ಓಟ್ಸ್, ಹೊಟ್ಟು ಕೂಲರಿನಲ್ಲಿ 7 ಲೀಟರ್ ನೀರಿನ ಜೊತೆ 45 ಡಿಗ್ರಿಯಲ್ಲಿ ಕೂತಿರಬೇಕು. ಆ ಹದದಲ್ಲಿ ಫೆರುಲಿಕ್ ಆಮ್ಲ ಬಿಡುಗಡೆಯಾಗುತ್ತದೆ, ಯೀಸ್ಟು ಅದನ್ನೇ ಲವಂಗದ ಘಮ ಮಾಡುತ್ತದೆ. ಕುದಿಯುವ ಗಂಜಿಯನ್ನು ಒಂದೇ ಸಲಕ್ಕೆ ಸುರಿದರೆ 70 ಡಿಗ್ರಿ ಮುಟ್ಟಿ ಮೇಲೂ ಹೋಗಬಹುದು, ಕಿಣ್ವ ಬೇಗ ಸೋಲುತ್ತದೆ, ಬಿಯರ್ ದಪ್ಪಗೆ ಸಿಹಿಯಾಗಿ ಉಳಿಯುತ್ತದೆ. ಐದಾರು ಸಲ ಸೌಟಿನಲ್ಲಿ ಹಾಕಿ ಕಲಕಿ, 66 ಆದ ತಕ್ಷಣ ನಿಲ್ಲಿಸಿ. ಮಿಕ್ಕಿದ ಒಂದೆರಡು ಲೀಟರ್ ಆರಿದ ಮೇಲೆ ಸೇರಿಸಿ. ಒಂದು ಗಂಟೆಗೆ ಅಯೋಡಿನ್ ಹನಿ ಹಾಕಿ ನೋಡಿ, ನೀಲಿ ತಿರುಗಿದರೆ ಪಿಷ್ಟ ಉಳಿದಿದೆ, ಇನ್ನೂ 15 ನಿಮಿಷ. ಸ್ಪಾರ್ಜಿಗೆ (ಕಾಳಿನಲ್ಲಿ ಉಳಿದ ಸಿಹಿ ತೊಳೆದಿಳಿಸಲು) 16 ಲೀಟರ್, 76 ಡಿಗ್ರಿ ದಾಟದ ನೀರು, ನಲ್ಲಿ ಅರ್ಧವೇ ತಿರುಗಿಸಿ. ಭತ್ತದ ಹೊಟ್ಟನ್ನು ಜಿಪುಣತನ ಮಾಡಿ ಬಿಟ್ಟರೆ ಎರಡನೆಯ ಬ್ಯಾಚಿನ ಕಥೆಯೇ ಮತ್ತೆ.

ನೀರು. ಆಸ್ಟಿನ್‌ನ ನಲ್ಲಿನೀರಿನಲ್ಲಿ ಶುದ್ಧೀಕರಣಕ್ಕೆ ಹಾಕುವ ಕ್ಲೋರಮೈನ್ ಇರುತ್ತದೆ, ಕುದಿಸಿದರೂ ರಾತ್ರಿಯೆಲ್ಲ ತೆರೆದಿಟ್ಟರೂ ಸುಲಭಕ್ಕೆ ಹೋಗುವುದಿಲ್ಲ. ಮೂರನೆಯ ಬ್ಯಾಚು ಬ್ಯಾಂಡೇಜ್ ಪಟ್ಟಿ ನೆನೆಸಿದ ಹಾಗೆ ನಾರಿತು, ಕಾರಣ ಅದು. ಕ್ಯಾಂಪ್‌ಡೆನ್ ಮಾತ್ರೆ ಒಂದಕ್ಕೆ 20 ಗ್ಯಾಲನ್ ನೀರು ಶುದ್ಧ, ನಮ್ಮ ಬ್ಯಾಚಿಗೆ ಅರ್ಧ ಮಾತ್ರೆ ಪುಡಿ ಮಾಡಿ ಕಲಸಿದರೆ ಧಾರಾಳ. ಎರಡು ಸೆಂಟಿನ ಮಾತ್ರೆ ಹಾಕದೆ ಮೂವತ್ತೈದು ಡಾಲರ್ ಸಿಂಕಿಗೆ ಸುರಿದೆ. ಮ್ಯಾಶ್‌ನ ಪಿಎಚ್ 5.3ಕ್ಕೆ ತರಲು 88 ಪರ್ಸೆಂಟ್ ಲ್ಯಾಕ್ಟಿಕ್ ಆಮ್ಲ 2-3 ಎಂ.ಎಲ್. ಹಿಡಿಯುತ್ತದೆ, ನಿಮ್ಮ ನೀರಿಗೆ ಬೇರೆ ಆದೀತು.

ಕೊತ್ತಂಬರಿ ಬೀಜದಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಇಲ್ಲಿನ ಸೂಪರ್ ಮಾರ್ಕೆಟ್ಟಿನ ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ ಉರುಟು ಬೀಜ, ಅದು ಸೊಪ್ಪು ಸೊಪ್ಪಾಗಿ, ಹಳತಾದರೆ ಒಂಥರಾ ಹ್ಯಾಮ್ ಮಾಂಸದ ವಾಸನೆ ಕೊಡುತ್ತದೆ. ಇಂಡಿಯನ್ ಅಂಗಡಿಯ ಉದ್ದನೆಯ, ತಿಳಿಹಳದಿ ಬೀಜದಲ್ಲಿ ನಿಂಬೆ-ಕಿತ್ತಳೆಯ ಘಮ ಹೆಚ್ಚು. 18 ಗ್ರಾಂ, ಕುದಿ ಮುಗಿಯಲು 5 ನಿಮಿಷ ಇರುವಾಗ. ಕುಟ್ಟಾಣಿಯಲ್ಲಿ ಒಂದು ಕಾಳು ಎರಡು ಹೋಳಾಗುವಷ್ಟು ಮಾತ್ರ ಕುಟ್ಟಬೇಕು, ಅದೂ ಹಾಕುವ ಗಳಿಗೆಯಲ್ಲೇ. ಕೈ ಅಭ್ಯಾಸಕ್ಕೆ ಬಾಣಲೆಗೆ ಹಾಕಿ ಹುರಿದೀರಿ ಜೋಕೆ! ಹುರಿದರೆ ಸಾರಿನಪುಡಿಯ ಬಿಯರ್ ಆಗುತ್ತದೆ. ಇದರ ಜೊತೆ ಇನ್ನೊಂದು ಮಸಾಲೆ ಒಂದು ಚಿಟಿಕೆ ಹಾಕುತ್ತೇನೆ, ಅದು ಯಾವುದು ಅಂತ ಕುಡಿದವರು ಯಾರೂ ಈವರೆಗೆ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಸಿಪ್ಪೆಯ ವಿಷಯದಲ್ಲಿ ಹಣ ಕಳೆದದ್ದು ಜಾಸ್ತಿ. ಕುದಿಯಲ್ಲಿ 15 ನಿಮಿಷ ಹಾಕಿದರೆ ಕಹಿ ಉಳಿಯುತ್ತದೆ, ಪರಿಮಳ ಆವಿಯಾಗುತ್ತದೆ. ಉಳಿದ ಅಷ್ಟಿಷ್ಟನ್ನೂ ಫರ್ಮೆಂಟರಿನ (ಹುದುಗುವ ಪಾತ್ರೆಯ) ಗ್ಯಾಸು ಹೊತ್ತುಕೊಂಡು ಹೋಗುತ್ತದೆ. ಆ ವಾರ ಗ್ಯಾರೇಜು ಘಮಘಮ, ಬಿಯರ್ ಸಪ್ಪೆ. ರಸ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಒಂದು ಲೀಟರ್ ಕಿತ್ತಳೆ ರಸದ ಸಕ್ಕರೆಯನ್ನೆಲ್ಲ ಯೀಸ್ಟು ತಿಂದು ಮುಗಿಸಿತು, ಉಳಿದ ಹುಳಿ ವಾಂತಿಯ ನೆನಪು ತರುವಂಥದ್ದು. ಅದು ನಾಲ್ಕನೆಯ ಬ್ಯಾಚು, ಪೂರ್ತಿ ಗಿಡಕ್ಕೆ. ಬಾಟಲಿಯಲ್ಲಿ ಸಿಗುವ ಕಿತ್ತಳೆ ಎಣ್ಣೆಯನ್ನು ಒಂದು ಲೀಟರಿಗೆ ಎರಡು ಹನಿ ಹಾಕಿ ನೋಡಿದೆ: ನೆಲ ಒರೆಸುವ ದ್ರಾವಣದ ವಾಸನೆ, ಮೇಲೆ ನೊರೆಯೂ ಸತ್ತಿತು.

ಹತ್ತಿದ ವಿಧಾನ ಇದು. ಮೂರು ನೇವಲ್ ಕಿತ್ತಳೆ, ಜೊತೆಗೆ ರಿಯೋ ಗ್ರಾಂಡೆ ಕಣಿವೆಯ ಕೆಂಪು ಗ್ರೇಪ್‌ಫ್ರೂಟ್. ಗೊತ್ತಿಲ್ಲದವರಿಗೆ, ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಹಣ್ಣು ಅದು. ಚಳಿಗಾಲದಲ್ಲಿ ಅಗ್ಗ, ಬೇಸಿಗೆಗೆ ದುಬಾರಿ. ಎರಡರ ಪ್ರಮಾಣ ನೀವೇ ಹುಡುಕಿಕೊಳ್ಳಿ, ಒಟ್ಟು ಸಿಪ್ಪೆ 40 ಗ್ರಾಂ ಬಂದರೆ ಸಾಕು. ಹಣ್ಣಿನ ಮೇಲೆ ಮೇಣ ಬಳಿದಿರುತ್ತಾರೆ, ಬಿಸಿನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಪೀಲರಿನಲ್ಲಿ ಬಣ್ಣದ ಪದರ ಮಾತ್ರ ತೆಗೆಯಬೇಕು. ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಬೆಳಕು ದಾಟಿ ಕಾಣಬೇಕು, ಒಳಗೆ ಬಿಳಿ ಕಂಡರೆ ಚಾಕುವಿನಿಂದ ಕೆರೆದು ಹಾಕಿ. ಗ್ರೇಪ್‌ಫ್ರೂಟಿನ ಬಿಳಿಯಲ್ಲಿ ನರಿಂಜಿನ್, ಕಿತ್ತಳೆಯ ಬಿಳಿಯಿಂದ ಲಿಮೊನಿನ್. ಈ ಲಿಮೊನಿನ್ ಮೋಸದ ಕಹಿ, ಹಾಕಿದ ದಿನ ಗೊತ್ತಾಗುವುದಿಲ್ಲ, ಹೊತ್ತು ಹೋದಂತೆ ಏರುತ್ತದೆ.

40 ಗ್ರಾಂನಲ್ಲಿ 10 ಗ್ರಾಂ ಕುದಿ ನಿಂತು ವೋರ್ಟ್ (ಸೋಸಿ ಕುದಿಸಿದ ಸಿಹಿ ನೀರು) 75 ಡಿಗ್ರಿಗೆ ಇಳಿದ ಮೇಲೆ, ಹತ್ತು ನಿಮಿಷಕ್ಕೆ. ಉಳಿದ 30 ಗ್ರಾಂ ಬಾಟಲಿಗೆ ತುಂಬುವ ಐದು ದಿನ ಮುಂಚೆ 150 ಎಂ.ಎಲ್. ವೋಡ್ಕಾದಲ್ಲಿ, ಮುಚ್ಚಳ ಬಿಗಿದು. ನಾಲ್ಕು ದಿನ ಸಾಕು, ವಾರ ದಾಟಿದರೆ ಕಹಿ ಬಿಡುತ್ತದೆ. ಕೊನೆಯ ರಾತ್ರಿ ಫ್ರೀಜರಿನಲ್ಲಿಡಿ, ಮೇಣ ಗಟ್ಟಿಯಾಗುತ್ತದೆ, ಹಾಗೇ ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಸೋಸದೆ ಹಾಕಿದ ಬ್ಯಾಚಿನಲ್ಲಿ ನೊರೆ ಅರ್ಧ ನಿಮಿಷ ನಿಲ್ಲಲಿಲ್ಲ.

ಈ ಸಿಪ್ಪೆ-ವೋಡ್ಕಾ ಎಷ್ಟು ಹಾಕುವುದು ಅಂತ ಯಾರ ಮಾತೂ ಕೇಳಬೇಡಿ, ಅಳೆಯಿರಿ. ನೂರು ನೂರು ಎಂ.ಎಲ್. ಬಿಯರ್ ನಾಲ್ಕು ಲೋಟಕ್ಕೆ ಹಾಕಿ, ಸಿರಿಂಜಿನಲ್ಲಿ 0.2, 0.4, 0.6, 0.8 ಎಂ.ಎಲ್. ಬಿಟ್ಟು ಮೂಗಿಗೆ ಹಿಡಿಯಿರಿ. ನನಗೆ ಹೆಚ್ಚಾಗಿ 0.4 ಸರಿ ಹೋಗುತ್ತದೆ. 18 ಲೀಟರಿಗೆ ಲೆಕ್ಕ 72 ಎಂ.ಎಲ್. ಮಿಕ್ಕಿದ್ದನ್ನು ಕೇಕಿಗೆ ಬಳಸುತ್ತಾರೆ ಮನೆಯಲ್ಲಿ.

ಯೀಸ್ಟ್ ವೈಯೀಸ್ಟ್ ಕಂಪನಿಯ 3944. 19 ಡಿಗ್ರಿಯಲ್ಲಿ ಶುರು, ಮೂರನೇ ದಿನದಿಂದ 22-23ಕ್ಕೆ ಏರಲು ಬಿಡಿ. ಇದು ಆತುರದ ಪ್ರಾಣಿಯಲ್ಲ. 1.018ರಲ್ಲಿ ನಿಂತ ಹಾಗೆ ಮಾಡಿ ಮತ್ತೆ ನಿಧಾನ ಇಳಿಯುತ್ತದೆ, ಮೂರು ವಾರ ಕಾಯಲೇಬೇಕು. ಐದನೆಯ ಬ್ಯಾಚಿಗೆ ದುಡ್ಡು ಉಳಿಸಲು ಅಗ್ಗದ ಒಣ ಗೋಧಿ ಯೀಸ್ಟ್ ಹಾಕಿ ಒಂಬತ್ತನೇ ದಿನಕ್ಕೇ ಬಾಟಲಿ ತುಂಬಿದೆ. ಅದು ಡಯಾಸ್ಟಾಟಿಕಸ್ ಬಗೆಯದ್ದು, ಅಂಥ ಯೀಸ್ಟು ಉಳಿದ ದೊಡ್ಡ ಸಕ್ಕರೆಗಳನ್ನೂ ಬಾಟಲಿಯೊಳಗೆ ನಿಧಾನಕ್ಕೆ ತಿನ್ನುತ್ತದೆ. ತಿಂಗಳಿಗೆ ಮುಚ್ಚಳ ತೆಗೆದರೆ ಮುಕ್ಕಾಲು ಬಿಯರ್ ಸೀಲಿಂಗಿಗೆ, ಎರಡು ಬಾಟಲಿ ಒಡೆದೇ ಹೋದವು. ತಪ್ಪು ಯೀಸ್ಟಿನದ್ದಲ್ಲ, ನನ್ನ ಆತುರದ್ದು. ಮೂರು ದಿನ ಬಿಟ್ಟು ಬಿಟ್ಟು ಎರಡು ಸಲ ಅಳೆದಾಗ ಗ್ರಾವಿಟಿ ಒಂದೇ ಇದ್ದರೆ ಮಾತ್ರ ತುಂಬಿ. 18 ಲೀಟರಿಗೆ ಮಾಮೂಲಿ ಸಕ್ಕರೆ 135 ಗ್ರಾಂ, ಒಂದು ಲೋಟ ನೀರಲ್ಲಿ ಕುದಿಸಿ ಆರಿಸಿ.

ಖರ್ಚು, ನೆನಪಿನಿಂದ: ಮಾಲ್ಟ್ 11 ಡಾಲರ್, ನುಚ್ಚು 5, ಯೀಸ್ಟ್ 12, ಹಾಪ್ಸ್ 3, ಹಣ್ಣು 4, ವೋಡ್ಕಾ-ಗ್ಯಾಸು ಸೇರಿ 3. ಒಟ್ಟು 38ರ ಹತ್ತಿರ. 355 ಎಂ.ಎಲ್. ಬಾಟಲಿ 48 ಬರುತ್ತವೆ, ಒಂದಕ್ಕೆ 80 ಸೆಂಟು. ಅಂಗಡಿಯಲ್ಲಿ ಇಂಥದ್ದು ಆರರ ಪ್ಯಾಕಿಗೆ 11 ಡಾಲರ್ ಮೇಲೆ. ಲಾಭ ಅನ್ನಿಸುತ್ತದೆ, ಆದರೆ ಕೆಟ್ಟ ಬ್ಯಾಚುಗಳಿಗೇ ಹತ್ತಿರ ಹತ್ತಿರ 180 ಡಾಲರ್ ಹೋಗಿದೆ. ಫರ್ಮೆಂಟರ್ ತಣ್ಣಗಿಡಲು ಹಳೆಯ ಫ್ರೀಜರ್ 80, ತಾಪಮಾನದ ಕಂಟ್ರೋಲರ್ 35, ಪಾತ್ರೆ-ಕೂಲರು-ಚಿಲ್ಲರ್ ಸೇರಿ ಇನ್ನೊಂದು 300. ಟೆಕ್ಸಸ್ ಬೇಸಿಗೆಯಲ್ಲಿ ಫ್ರೀಜರ್ ಇಲ್ಲದೆ ಮಾಡಿದರೆ ತಲೆನೋವಿನ ಬಿಯರ್ ಖಚಿತ, ಅಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಯೀಸ್ಟಿನ 12 ಡಾಲರನ್ನು ಮಾತ್ರ ನಾಲ್ಕು ಬ್ಯಾಚಿಗೆ ಹಂಚಬಹುದು, ತಳದ ಕೆಸರನ್ನು ಜಾಡಿಯಲ್ಲಿ ತೊಳೆದಿಟ್ಟರೆ.

ಒಂದು ಗ್ಯಾಲನ್ ಬೇರೆ ಮಾಡಿ ಆಟ ಆಡಿದ್ದೂ ಇದೆ. ಸಣ್ಣ ಹಸಿರು ನಿಂಬೆಯ ಸಿಪ್ಪೆ: ಮೊದಲ ವಾರ ಚೆನ್ನ, ಆಮೇಲೆ ಪಾತ್ರೆ ತೊಳೆಯುವ ಸೋಪು. ಮೇಯರ್ ನಿಂಬೆ: ಕಿತ್ತಳೆಗಿಂತ ಒಂದು ಕೈ ಮೇಲು, ಸಿಗುವುದೇ ಕಷ್ಟ. ಮಂಡರಿನಾ ಬವೇರಿಯಾ ಹಾಪ್ಸ್ 28 ಗ್ರಾಂ ತಣ್ಣಗೆ ಹಾಕಿದ್ದು: ಒಳ್ಳೆಯ ಬಿಯರ್, ಆದರೆ ವಿಟ್ ಅಲ್ಲ. ಏಲಕ್ಕಿ ಎರಡು: ಪಾಯಸ. ಊರಿನ ಹೇರಳೆಕಾಯಿ ಸಿಪ್ಪೆ ಇಲ್ಲಿಗೆ ಬಂದಿದ್ದರೆ ಈ ಲೇಖನವೇ ಬೇರೆ ಇರುತ್ತಿತ್ತು.

ತುಂಬಿದ ಮೇಲೆ 21 ಡಿಗ್ರಿಯಲ್ಲಿ ಎರಡು ವಾರ, ಫ್ರಿಜ್ಜಿನಲ್ಲಿ ಒಂದು ವಾರ. ಆರು ವಾರದೊಳಗೆ ಮುಗಿಸಿ, ಆಮೇಲೆ ಕಿತ್ತಳೆ ಹಿಂದೆ ಸರಿದು ಕೊತ್ತಂಬರಿ ಮುಂದೆ ಬರುತ್ತದೆ. ಬಗ್ಗಿಸುವಾಗ ಮೂರು ಪಾಲು ಸುರಿದು, ಉಳಿದದ್ದನ್ನು ಬಾಟಲಿಯಲ್ಲೇ ಒಂದು ಸುತ್ತು ತಿರುಗಿಸಿ ತಳದ ಯೀಸ್ಟು ಏಳಿಸಿ ಮೇಲೆ ಸುರಿಯಿರಿ. ಮಜ್ಜಿಗೆ ನೀರಿನಷ್ಟು ಮಬ್ಬು ಬರಬೇಕು. ಲೋಟದ ಅಂಚಿಗೆ ಕಿತ್ತಳೆ ಹೋಳು ಸಿಕ್ಕಿಸಬೇಡಿ, ಅದರ ಎಣ್ಣೆಗೆ ನೊರೆ ಇಳಿದು ಹೋಗುತ್ತದೆ.